ಕಣ್ಣೀರಿಗೆ ನಲವತ್ತು ಅಂಕ

ಸಿನಿಮಾ ನೋಡಿಕೊಂಡು ಬಂದ ಅಪ್ಪ "ಚೆನ್ನಾಗಿತ್ತು" ಅಂದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಊಟಕ್ಕೆ ಕೂತರು. ಅಷ್ಟೇ.

ಬೇರೆಯವರ ಮನೆಯಲ್ಲಿ ಇದು ಸುದ್ದಿಯೇ ಅಲ್ಲ. ನಮ್ಮ ಮನೆಯಲ್ಲಿ ಅಜ್ಜಿ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಅಮ್ಮ ಪಾತ್ರೆಯ ತಳ ಕೆರೆಯುತ್ತಿದ್ದಳು.

ಮೊದಲಾಗಿದ್ದರೆ ಅಪ್ಪ ಸಿನಿಮಾ ನೋಡಿ ಬಂದ ದಿನ ಯಾರಿಗೂ ನೆಮ್ಮದಿಯಾಗಿ ಒಂದು ತುತ್ತು ಇಳಿಯುತ್ತಿರಲಿಲ್ಲ. ಗುಂಡು ತಿಂದ ನಾಯಕ ಸಾಯುವ ಮುಂಚೆ ಹತ್ತು ನಿಮಿಷ ಭಾಷಣ ಬಿಗಿದದ್ದು ಯಾಕೆ, ಒಂದೂವರೆ ಗಂಟೆಯಲ್ಲಿ ಮುಗಿಯುವ ಕಥೆಯನ್ನು ಮೂರು ಗಂಟೆ ಎಳೆದದ್ದು ಯಾರನ್ನು ಉದ್ಧಾರ ಮಾಡುವುದಕ್ಕೆ, ಎಲ್ಲದಕ್ಕೂ ನಾವು ಉತ್ತರ ಹೇಳಬೇಕಿತ್ತು. "ಎಲ್ಲಿ ಅಳ್ಬೇಕು ಅಂತ ಪಿಟೀಲು ಬಾರಿಸಿ ಹೇಳ್ಬೇಕೇನೇ ನಂಗೆ? ನಂಗೇನು ಕಣ್ಣಿಲ್ವಾ?" ಅಂತ ಅಮ್ಮನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು, ಆ ಪಿಟೀಲು ಬಾರಿಸಿದವಳು ಅವಳೇ ಅನ್ನುವ ಹಾಗೆ. ಅಮ್ಮ "ಸಾಕು ಮಾಡ್ರೀ, ಅನ್ನ ಆರ್ತಿದೆ" ಅನ್ನುತ್ತಿದ್ದಳು. ಮೂವತ್ತು ವರ್ಷದಿಂದ ಅದೊಂದೇ ಉತ್ತರ.

ಪ್ರಶಸ್ತಿಗಳ ಕಾಲ ಬಂತೆಂದರೆ ಮುಗಿದೇ ಹೋಯಿತು. ವರ್ಷದ ಕೊನೆಗೆ ಸಾಲುಗಟ್ಟಿ ಬರುವ ಸಿನಿಮಾಗಳಿಗೆ ಅಪ್ಪ ಇಟ್ಟ ಹೆಸರು "ಅರ್ಜಿ ಹಾಕೋ ಸಿನಿಮಾ". "ನೋಡ್ತಿರು, ಈ ಸಲ ಒಬ್ಬ ಕುಂಟ್ತಾನೆ, ಇನ್ನೊಬ್ಬ ಇಪ್ಪತ್ತು ಕೇಜಿ ದಪ್ಪ ಆಗಿರ್ತಾನೆ, ಒಬ್ಬಳು ಮೇಕಪ್ ಇಲ್ದೆ ಬರ್ತಾಳೆ. ನಟನೆಗಲ್ಲ ಪ್ರಶಸ್ತಿ, ಪಟ್ಟ ಕಷ್ಟಕ್ಕೆ. ಕಷ್ಟಕ್ಕೇ ಕೊಡೋದಾದ್ರೆ ನಮ್ಮಮ್ಮಂಗೆ ಕೊಡ್ಲಿ."

"ಕೊಟ್ರೆ ಬೇಡ ಅನ್ನಲ್ಲಪ್ಪ," ಅನ್ನುತ್ತಿದ್ದಳು ಅಜ್ಜಿ.

ಅಪ್ಪನ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗಾಜಿನ ಅಂಚನ್ನು ಸಾಣೆಗೆ ಹಿಡಿದು, ಫ್ರೇಮಿಗೆ ಕೂರುವಷ್ಟು ಉಜ್ಜಿ, ಕೂರಿಸಿ ಕೊಡುವುದು. ಇಪ್ಪತ್ತೇಳು ವರ್ಷದಿಂದ ಅವರ ಉಗುರುಸಂದಿಯಲ್ಲಿ ಬಿಳಿ ಪುಡಿ. ಉಳಿದ ಹೊತ್ತೆಲ್ಲ ಚಿತ್ರಸಂಘ. ಗ್ರಂಥಾಲಯದ ಮಹಡಿಯಲ್ಲಿ ಸೇರುವ ನಲವತ್ತು ಜನರ ಸಂಘ ಅದು. ದೊಡ್ಡ ಪ್ರಶಸ್ತಿಗಳು ಘೋಷಣೆಯಾಗುವುದಕ್ಕೆ ತಿಂಗಳ ಮೇಲೆ ಮುಂಚೆ ಇವರು ತಮ್ಮದೇ ಒಂದು ಪ್ರಶಸ್ತಿ ಕೊಡುತ್ತಾರೆ. ಪಡೆದವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ, ಕೊಡುವವರಿಗೆ ಮಾತ್ರ ಜೀವನ್ಮರಣದ ಪ್ರಶ್ನೆ. ಮತಗಳು ಸಮಸಮ ಬಿದ್ದರೆ ಅಪ್ಪನ ಪುಸ್ತಕದಲ್ಲಿ ಯಾವುದಕ್ಕೆ ಹೆಚ್ಚು ಅಂಕವೋ ಅದೇ ಗೆದ್ದ ಹಾಗೆ. ಹತ್ತೊಂಬತ್ತು ವರ್ಷದಿಂದ ನಡೆದುಕೊಂಡು ಬಂದ ಪದ್ಧತಿ.

ಆ ಪುಸ್ತಕದಲ್ಲಿ ಕಥೆಗೆ ಮೂವತ್ತು, ನಟನೆಗೆ ಮೂವತ್ತು, ಕಣ್ಣೀರಿಗೆ ನಲವತ್ತು. ಕರವಸ್ತ್ರ ಪೂರ್ತಿ ನೆಂದರೆ ನಲವತ್ತಕ್ಕೆ ನಲವತ್ತು, ಒಂದು ಮೂಲೆ ನೆಂದರೆ ಹತ್ತು. ಅಳು ಬರಿಸದ ಸಿನಿಮಾ ಎಷ್ಟೇ ಜಾಣತನ ತೋರಿಸಲಿ, ಅರವತ್ತು ದಾಟುವ ಹಾಗಿಲ್ಲ. ಸಂಘದವರು ಅಪ್ಪನನ್ನು ಕರೆಯುವುದೇ ಅಳುಮುಂಜಿ ಅಂತ. ಅಪ್ಪನಿಗೆ ಅದು ಬಿರುದು.

ಕಳೆದ ವರ್ಷ ಅಪ್ಪ ಮೊದಲು ಸಿನಿಮಾ ಬಿಟ್ಟರು, ಆಮೇಲೆ ಊಟ ಬಿಟ್ಟರು, ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದವರು ಐದು ವಾರ ಏಳಲಿಲ್ಲ. ಏನಾಯಿತು ಅಂತ ಕೇಳಿದರೆ ಏನೂ ಆಗಿಲ್ಲ ಅನ್ನುತ್ತಿದ್ದರು. ಅದು ನಿಜವೂ ಆಗಿತ್ತು, ಏನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ತಾವಾಗಿಯೇ ಎದ್ದು ಅಂಗಡಿಗೆ ಅಂತ ಹೊರಟರು. ಎರಡು ಗಂಟೆ ಕಳೆದ ಮೇಲೆ ತರಕಾರಿ ಗಾಡಿಯವನು ಅವರ ಕೈ ಹಿಡಿದು ಕರೆತಂದ.

"ಸೇತುವೆ ಮೇಲೆ ನಿಂತಿದ್ರು ಅಕ್ಕಾ. ಸುಮ್ನೆ ನಿಂತಿದ್ರು. ಯಾಕೋ ನಂಗೆ ಸರಿ ಕಾಣ್ಲಿಲ್ಲ."

ಅಮ್ಮ ಅವನಿಗೆ ಕಾಫಿ ಕೊಟ್ಟು ಕಳಿಸಿದಳು. ಅವತ್ತೇ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಾತ್ರೆ ಶುರುವಾಯಿತು.

ಮಾತ್ರೆ ಕೆಲಸ ಮಾಡಿತು. ಅದನ್ನು ಇಲ್ಲ ಅಂದರೆ ನಾಲಿಗೆಯಲ್ಲಿ ಹುಳ ಬೀಳುತ್ತದೆ. ಎರಡೇ ತಿಂಗಳಿಗೆ ಅಪ್ಪ ಎದ್ದರು, ಸ್ನಾನ ಮಾಡಿದರು, ಅಂಗಡಿಗೆ ಹೋದರು, ಹಾಕಿದ್ದನ್ನು ತಿಂದರು. ಸಿನಿಮಾಕ್ಕೂ ಹೋದರು. ಹೋಗಿ ಬಂದು "ಚೆನ್ನಾಗಿತ್ತು" ಅಂದರು. ಮುಂದಿನ ವಾರದ್ದೂ ಚೆನ್ನಾಗಿತ್ತು. ಅದರ ಮುಂದಿನದ್ದೂ.

"ಅಪ್ಪ ಸರಿಯಿಲ್ಲ," ಅಂದೆ ನಾನು ಅಮ್ಮನಿಗೆ. ಅವಳು ಯಾರದ್ದೋ ಪ್ಯಾಂಟಿನ ಜಿಪ್ ಬಿಚ್ಚುತ್ತಾ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ಬೀದಿಯವರ ಬಟ್ಟೆಗಳನ್ನು ಉದ್ದ ಗಿಡ್ಡ ಮಾಡಿಕೊಡುವುದು ಅವಳ ಕೆಲಸ.

"ಏನಾಗಿದೆ ಅವ್ರಿಗೆ? ತಿಂತಾರೆ, ಮಲಗ್ತಾರೆ, ಕೆಲಸಕ್ಕೆ ಹೋಗ್ತಾರೆ."

"ನಮ್ಮ ಬೇಕರಿ ಓವನ್ನೂ ಕೆಲಸ ಮಾಡತ್ತೆ. ಡಾಕ್ಟ್ರಿಗೆ ಹೇಳು, ಏನೂ ಅನ್ನಿಸ್ತಿಲ್ವಂತೆ ಅಂತ."

"ಹೇಳಿದ್ರೆ ಮಾತ್ರೆ ಬದಲಾಯಿಸ್ತಾರೆ."

"ಬದಲಾಯಿಸ್ಲಿ."

ಅಮ್ಮ ಕತ್ತರಿ ಕೆಳಗಿಟ್ಟಳು. "ಮಾತಾಡ್ತಿದ್ದ ನಿಮ್ಮಪ್ಪ ಸೇತುವೆ ಮೇಲೆ ನಿಂತಿದ್ರು. ಮಾತಾಡ್ದೆ ಇರೋ ನಿಮ್ಮಪ್ಪ ಊಟಕ್ಕೆ ಕೂತಿದಾರೆ. ನಂಗೆ ಇವ್ರೇ ಸಾಕು."

"ನಿಂಗೆ ಮನೇಲಿ ಗಲಾಟೆ ಇಲ್ಲ ಅಂತ ಖುಷಿ."

"ಹೌದು, ಖುಷಿ. ಮೂವತ್ತು ವರ್ಷಕ್ಕೆ ಮೊದಲ್ನೇ ಸಲ ಬಿಸಿ ಅನ್ನ ತಿಂತಿದೀನಿ. ತಪ್ಪಾ?"

ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಅಜ್ಜಿ ಬಾಯಿ ಹಾಕಿದಳು. "ಅಳೋ ಗಂಡಸನ್ನ ನಂಬಬಾರ್ದು ಅಂತಾರೆ. ನಾನು ಹೆತ್ತಿದ್ದು ಅಳೋನನ್ನೇ. ಹೇಗೋ ನಂಬ್ಕೊಂಡು ಬಂದಿದ್ದೆ. ಈ ಅಳ್ದೆ ಇರೋನನ್ನ ಹೇಗೆ ನಂಬೋದೋ ಗೊತ್ತಾಗ್ತಿಲ್ಲ."

"ನೀವು ಸುಮ್ನಿರಿ ಅತ್ತೆ."

"ಸುಮ್ನೇ ಇದೀನಲ್ಲ. ಈ ಮನೇಲಿ ಈಗ ಎಲ್ರೂ ಸುಮ್ನೇ ಇರೋದು."

ಸಂಘದ ಸಭೆಗೆ ಐದು ವಾರ ಉಳಿದಿತ್ತು. ಒಂದು ಸಂಜೆ ಅಪ್ಪ ಪುಸ್ತಕ ತಂದು ನನ್ನ ಮುಂದಿಟ್ಟರು. ಲಿಫ್ಟ್ ರಿಪೇರಿಯವನ ಸಿನಿಮಾಕ್ಕೆ ಐವತ್ತೇಳು. ಕುದುರೆ ಸಿನಿಮಾಕ್ಕೂ ಐವತ್ತೇಳು. ಯುದ್ಧದ್ದಕ್ಕೆ ಐವತ್ತೆರಡು. ಕಣ್ಣೀರಿನ ಸಾಲಿನಲ್ಲಿ ಮೇಲಿಂದ ಕೆಳಗೆ ಸೊನ್ನೆ, ಸೊನ್ನೆ, ಸೊನ್ನೆ.

"ಸಿನಿಮಾ ಕೆಟ್ಟದಾಗಿಲ್ಲ," ಅಂದರು. "ಆ ಲಿಫ್ಟಿನವನು ಏಳನೇ ಮಹಡೀಲಿ ಬಾಗಿಲು ತೆಗೀತಾನಲ್ಲ, ಅಲ್ಲಿ ಅಳು ಬರ್ಬೇಕು. ಬರ್ಬೇಕು ಅಂತ ಗೊತ್ತಾಗತ್ತೆ. ಬರಲ್ಲ. ಬೇರೆ ಯಾರೋ ಊಟ ಮಾಡೋದನ್ನ ಗಾಜಿನಾಚೆ ನಿಂತು ನೋಡಿದ ಹಾಗೆ."

"ನಲವತ್ತು ತೆಗೆದುಬಿಡಿ ಅಪ್ಪಾ. ಅರವತ್ತಕ್ಕೇ ಹಾಕಿ."

"ಹಾಗೆ ಮಾಡೋಕಾಗಲ್ಲ. ಎರಡರ ಅಂಕಾನೂ ಒಂದೇ ಆದ್ರೆ ಆ ಪುಸ್ತಕ ಯಾಕೆ ಬೇಕು? ಆ ನಲವತ್ತಕ್ಕೇ ಅವ್ರು ನನ್ನ ಕೇಳೋದು." ಸಿಟ್ಟಿಲ್ಲ, ಬೇಸರವಿಲ್ಲ, ಬಸ್ಸಿನ ವೇಳೆ ಹೇಳಿದಂತೆ ಹೇಳಿದರು. "ನೀನು ಬರ್ತೀಯಾ? ನಿಂಗೆ ಅಳು ಬಂದ್ರೆ ನಾನು ಬರ್ಕೋತೀನಿ."

ಹೋದೆ. ನನ್ನ ಪಾಳಿ ಬೆಳಗಿನ ನಾಲ್ಕಕ್ಕೆ, ಬ್ರೆಡ್ಡು ಪ್ಯಾಕ್ ಮಾಡುವ ಕೆಲಸ. ಕತ್ತಲೆ, ಮೆತ್ತನೆ ಕುರ್ಚಿ, ಆಮೇಲೆ ಕೇಳಬೇಕೇ? ಮಧ್ಯಂತರದಲ್ಲಿ ಅಪ್ಪ ಎಬ್ಬಿಸಿದಾಗ ಗಲ್ಲ ಒದ್ದೆಯಾಗಿತ್ತು, ಆದರೆ ಅದು ಕಣ್ಣೀರಲ್ಲ, ಜೊಲ್ಲು. ಅಪ್ಪ ಬಗ್ಗಿ ನೋಡಿ ಸೊನ್ನೆ ಬರೆದರು. ಮುಂದಿನ ವಾರ ಅಜ್ಜಿಯನ್ನು ಕರೆದುಕೊಂಡು ಹೋದರು. ಅಜ್ಜಿ ಶವಪೆಟ್ಟಿಗೆ ಇಳಿಸುವ ದೃಶ್ಯದಲ್ಲಿ ಗಹಗಹಿಸಿ ನಕ್ಕಳಂತೆ, ಹಿಂದಿನವರು ಎದ್ದು ಬೇರೆ ಕಡೆ ಹೋಗಿ ಕೂತರಂತೆ. "ಸತ್ತೋನು ಉಸಿರಾಡ್ತಿದ್ದ, ನಾನೇನು ಮಾಡ್ಲಿ?" ಅಂತ ಅವಳ ವಾದ.

ಇನ್ನು ಉಳಿದವಳು ಅಮ್ಮ. ಥಿಯೇಟರಿಗೆ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಒಂದು ಸಿನಿಮಾಕ್ಕೂ ಅತ್ತದ್ದಿಲ್ಲ. ತನ್ನ ತಾಯಿ ಹೋದಾಗಲೂ ಅಡುಗೆ ಮುಗಿಸಿ, ಎಲ್ಲರಿಗೂ ಬಡಿಸಿ, ಆಮೇಲೆ ಹೊರಟವಳು.

"ನಂಗೆ ಎರಡು ಪ್ಯಾಂಟು, ಒಂದು ಕೋಟು ಹೊಲಿಯೋದಿದೆ," ಅಂದಳು.

"ಒಂದು ಮಧ್ಯಾಹ್ನ ಕಣೇ," ಅಂದರು ಅಪ್ಪ. ಬೇಡಿಕೊಳ್ಳುವ ದನಿ ಕೂಡ ಅಲ್ಲ. ಅದಕ್ಕೇ ಇರಬೇಕು, ಅಮ್ಮ ಹೊರಟಳು.

ಅವತ್ತು ಹಾಕಿದ್ದು ಅವಳಿ ಜವಳಿ ಸಿನಿಮಾ. ತೊಟ್ಟಿಲಲ್ಲೇ ಬೇರೆಯಾದ ಇಬ್ಬರು. ಒಬ್ಬ ದೊಡ್ಡ ಸರ್ಜನ್, ಇನ್ನೊಬ್ಬ ಅವನ ಕತ್ತಿಯ ಕೆಳಗೆ ಬರುವ ರೋಗಿ. ಇಬ್ಬರ ಮುಖವೂ ಒಂದೇ ಅನ್ನುವುದು ಎರಡೂವರೆ ಗಂಟೆ ಆಸ್ಪತ್ರೆಯಲ್ಲಿ ಯಾರಿಗೂ ಕಾಣುವುದಿಲ್ಲ. ಉದ್ದಕ್ಕೂ ಪಿಟೀಲು. ಹಿಂದಿನ ಅಪ್ಪನಾಗಿದ್ದರೆ ಒಂದು ವಾರದ ಊಟಕ್ಕೆ ಸಾಕಾಗುವಷ್ಟು ಬೈಗುಳ ಅದರಲ್ಲಿತ್ತು.

ಇಬ್ಬರೂ ಮನೆಗೆ ಬಂದಾಗ ಅಮ್ಮನ ಮೂಗು ಕೆಂಪಾಗಿತ್ತು. ಸೀದಾ ಹೋಗಿ ಪಾತ್ರೆ ತೊಳೆಯಲು ನಿಂತಳು. ಅಪ್ಪ ಮೇಜಿನ ಮೇಲೆ ಅವಳ ಕರವಸ್ತ್ರ ಹರವಿದರು. ಒಣ ಮೂಲೆ ಒಂದೂ ಇರಲಿಲ್ಲ. ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು, ಗಾಜಿನ ಅಂಚು ನೋಡುವ ಹಾಗೆ. ಕಥೆಗೆ ಎಂಟು, ನಟನೆಗೆ ಹದಿನಾಲ್ಕು, ಕಣ್ಣೀರಿಗೆ ನಲವತ್ತು. ಒಟ್ಟು ಅರವತ್ತೆರಡು.

"ಇದು ಗೆದ್ದುಬಿಡತ್ತಲ್ಲ ಅಪ್ಪಾ!" ಅಂದೆ.

"ನಿಮ್ಮಮ್ಮ ಅತ್ತಿದಾಳೆ," ಅಂದರು. "ನಂಗೆ ಕಾಣದ್ದು ಏನೋ ಅದರಲ್ಲಿ ಇರ್ಬೇಕು."

ಸಭೆಯ ದಿನ ಅಪ್ಪನ ಜೊತೆ ಹೋಗು ಅಂತ ಅಮ್ಮ ನನ್ನನ್ನೇ ಕಳಿಸಿದಳು. ಅಲ್ಲಿ ಚಹಾ, ಬಿಸ್ಕತ್ತು, ಜೋರು ಮಾತು. ಅಂಚೆ ಕಚೇರಿಯವನೊಬ್ಬ ಕುದುರೆ ಸಿನಿಮಾದ ಬೆಳಕಿನ ಬಗ್ಗೆ ಹದಿನೈದು ನಿಮಿಷ ಕೊರೆದ. ಟೀಚರೊಬ್ಬರು ಲಿಫ್ಟಿನವನ ಸಿನಿಮಾದಲ್ಲಿ ಯಾರೂ ಜೋರಾಗಿ ಮಾತೇ ಆಡುವುದಿಲ್ಲ, ಅದೇ ಅದರ ದೊಡ್ಡಸ್ತಿಕೆ ಅಂತ ಜೋರಾಗಿ ಹೇಳಿದರು. ಮತ ಎಣಿಸಿದರೆ ಎರಡಕ್ಕೂ ಹದಿನೇಳು. ಅಧ್ಯಕ್ಷರಾದ ಗ್ರಂಥಾಲಯದವರು ಕೈ ಉಜ್ಜಿಕೊಂಡರು.

"ಸರಿ, ಇನ್ನೇನು! ಅಳುಮುಂಜಿಯವರೇ, ಪುಸ್ತಕ ತೆಗೀರಿ."

ಅಪ್ಪ ಎದ್ದು ನಿಂತರು. "ಕುದುರೆಗೆ ಐವತ್ತೇಳು. ಲಿಫ್ಟಿಗೆ ಐವತ್ತೇಳು. ಎಲ್ಲಕ್ಕಿಂತ ಹೆಚ್ಚು ಬಂದಿರೋದು ಅವಳಿ ಜವಳಿಗೆ. ಅರವತ್ತೆರಡು."

ಮೊದಲು ಎಲ್ಲರೂ ನಕ್ಕರು, ಚೆನ್ನಾಗಿಯೇ ನಕ್ಕರು. ಅಪ್ಪ ನಗಲಿಲ್ಲ. ಆಗ ಒಬ್ಬೊಬ್ಬರಾಗಿ ನಿಲ್ಲಿಸಿದರು. ಅಂಚೆಯವನು ಕೇಳಿದ, "ಆ ಪಿಟೀಲು ಸಿನಿಮಾನಾ? ನೀವಾ? ಯಾಕೆ ಅಂತ ಹೇಳಿ ಸ್ವಲ್ಪ."

"ಕರವಸ್ತ್ರ ಪೂರ್ತಿ ನೆಂದಿತ್ತು," ಅಂದರು ಅಪ್ಪ. ಯಾರ ಕರವಸ್ತ್ರ ಅಂತ ಹೇಳಲಿಲ್ಲ. ಪುಸ್ತಕದ ಆ ಪುಟ ತೆರೆದು ಎಲ್ಲರಿಗೂ ತೋರಿಸಿದರು. ನಾನು ನೆಲ ನೋಡುತ್ತಾ ಕೂತೆ. ನನ್ನ ಅಪ್ಪನ ಬಗ್ಗೆ ನನಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಅಷ್ಟರಲ್ಲಿ ಯಾರೋ ಪಕ್ಕದವರಿಗೆ, ಪಾಪ, ಅವರಿಗೆ ಹುಷಾರಿರಲಿಲ್ಲವಂತೆ ಅಂದದ್ದು ಕೋಣೆಗೆಲ್ಲ ಕೇಳಿಸಿತು. ಅಧ್ಯಕ್ಷರು ಚೀಟಿ ಎತ್ತಿಸಿದರು, ಕುದುರೆ ಗೆದ್ದಿತು. ಮೆಟ್ಟಿಲ ಹತ್ತಿರ ಅವರು ಅಪ್ಪನ ಹೆಗಲ ಮೇಲೆ ಕೈ ಇಟ್ಟು, "ಮುಂದಿನ ವರ್ಷ ಅಂಕ ಹಾಕೋದನ್ನ ಟೀಚರ್ ನೋಡ್ಕೋತಾರೆ. ನೀವು ರೆಸ್ಟ್ ತಗೊಳ್ಳಿ, ಸುಮ್ನೆ ಬಂದು ಕೂತ್ರೆ ಸಾಕು," ಅಂದರು.

"ಆಯ್ತು," ಅಂದರು ಅಪ್ಪ.

ಮನೆಗೆ ಬಂದು ನಾನೇ ಎಲ್ಲ ಹೇಳಿದೆ. ಬ್ರೆಡ್ಡು ಹೆಚ್ಚುತ್ತಿದ್ದ ಅಮ್ಮ ಅಲ್ಲೇ ನಿಂತಳು.

"ಆ ದರಿದ್ರ ಸಿನಿಮಾಗೆ ಯಾಕ್ರೀ ಕೊಟ್ರಿ?"

"ನೀನು ಅತ್ತಿದ್ಯಲ್ಲ."

"ನಾನು ಸಿನಿಮಾಗೆ ಅತ್ತೆ ಅಂತ ಯಾರು ಹೇಳಿದ್ರು?"

"ಮತ್ತೆ?"

"ಜಾಹೀರಾತು ತೋರ್ಸ್ತಿದ್ರಲ್ಲ, ಹಲ್ಲುಪುಡಿದು, ಆವಾಗ್ಲಿಂದಾನೇ ಅಳ್ತಿದ್ದೆ ನಾನು! ದೀಪ ಆರ್ತು. ಯಾರೂ ನೋಡಲ್ಲ ಅನ್ನಿಸ್ತು. ಒಂದು ವರ್ಷದಿಂದ ಅಳೋಕೆ ಒಂದು ಜಾಗ ಇರ್ಲಿಲ್ಲ ನಂಗೆ. ಇಲ್ಲಿ ನೀವಿದ್ರಿ, ಅತ್ತೆ ಇದ್ರು, ಇವಳಿದ್ಲು. ಆ ಸೇತುವೇದೆಲ್ಲ ಅಲ್ಲಿ ಕೂತು ಅತ್ತುಬಿಟ್ಟೆ. ಪರದೆ ಮೇಲೆ ಏನಿತ್ತು ಅಂತಾನೂ ನಂಗೆ ಗೊತ್ತಿಲ್ಲ."

ಅಜ್ಜಿ ಮಂಚದಿಂದ ಎದ್ದು ಬಂದು ಅಮ್ಮನ ಕೈಯಿಂದ ಚಾಕು ತೆಗೆದುಕೊಂಡು ತಾನೇ ಬ್ರೆಡ್ಡು ಹೆಚ್ಚತೊಡಗಿದಳು. ವಕ್ರವಕ್ರವಾಗಿ ಹೆಚ್ಚಿದಳು.

ಅಪ್ಪ ಕುರ್ಚಿಯಲ್ಲಿ ಕೂತು ಅಮ್ಮನನ್ನೇ ನೋಡುತ್ತಿದ್ದರು. "ಈಗ ನಂಗೆ ಸಂಕಟ ಆಗ್ಬೇಕು," ಅಂದರು ನಿಧಾನವಾಗಿ. "ಆಗ್ಬೇಕು ಅಂತ ಗೊತ್ತಾಗ್ತಿದೆ. ನೀನು ಅಳ್ತಿದ್ದೆ, ನಾನು ಪಕ್ಕದಲ್ಲಿ ಕೂತು ಅಂಕ ಹಾಕ್ತಿದ್ದೆ. ಇದಕ್ಕೂ ಏನೂ ಆಗ್ತಿಲ್ಲ ಕಣೇ."

ಊಟವಾಯಿತು. ಅಪ್ಪ ಮಾತ್ರೆ ನುಂಗಿದರು. ಅಮ್ಮ ದಿನಾ ಮಾಡುವಂತೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದಳು. ನೋಡಿದ ಮೇಲೂ ತುಸು ಹೊತ್ತು ಅಲ್ಲೇ ನಿಂತಿದ್ದಳು.

ಮುಂದಿನ ವಾರ ಡಾಕ್ಟರು ಎಂದಿನಂತೆ ಚೀಟಿ ಬರೆಯುತ್ತಲೇ "ಹೇಗಿದಾರೆ?" ಅಂದರು. ಹೀಗೆ ಕೇಳಿದಾಗಲೆಲ್ಲ ಆರಾಮಾಗಿದ್ದಾರೆ ಅಂತ ಹೇಳಿ ಬರುತ್ತಿದ್ದ ಅಮ್ಮ ಈ ಸಲ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡು, "ಬದುಕಿದಾರೆ ಡಾಕ್ಟ್ರೇ. ಅಷ್ಟೇ," ಅಂದಳು. ಆಮೇಲೆ ಕೂತಲ್ಲಿಂದ ಏಳದೆ ಎಲ್ಲ ಹೇಳಿದಳು. ಹಲ್ಲುಪುಡಿಯ ಜಾಹೀರಾತನ್ನೂ ಬಿಡಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಮೊದಲೇ ಹೇಳಬೇಕಿತ್ತು ಅಂದರು. ಕೆಲವರಿಗೆ ಈ ಮಾತ್ರೆಯಿಂದ ಹೀಗಾಗುವುದುಂಟು, ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡಬಹುದು, ನೀವಾಗಿಯೇ ನಿಲ್ಲಿಸುವ ಹಾಗಿಲ್ಲ, ಹದಿನೈದು ದಿನಕ್ಕೊಮ್ಮೆ ಬರಬೇಕು ಅಂದರು.

"ಹಳೇದು ವಾಪಸ್ ಬರತ್ತಾ?" ಅಂದಳು ಅಮ್ಮ.

"ಬರ್ದೇನೂ ಇರ್ಬೋದು, ಬರ್ಲೂಬೋದು. ಮನೇಲಿ ಕಣ್ಣಿಟ್ಟಿರ್ಬೇಕು."

ಅಂದಿನಿಂದ ಮನೆಯಲ್ಲಿ ಆರು ಕಣ್ಣು ಅಪ್ಪನ ಮೇಲೆ. ಬಚ್ಚಲಲ್ಲಿ ಎರಡು ನಿಮಿಷ ಹೆಚ್ಚಾದರೆ ಅಜ್ಜಿ ಬಾಗಿಲು ಬಡಿಯುತ್ತಿದ್ದಳು. ಅಂಗಡಿಯಿಂದ ಹೊರಟಾಗ ಅಪ್ಪ ನನಗೆ ಫೋನ್ ಮಾಡಬೇಕು, ಮಾಡುತ್ತಿದ್ದರು. ಅಮ್ಮ ಮಾತ್ರೆಯನ್ನು ಅರ್ಧ ಮಾಡುವಾಗ ಉಸಿರು ಹಿಡಿಯುತ್ತಿದ್ದಳು. ಮೂರನೇ ವಾರ ಅಪ್ಪ ಕಾಫಿ ತಣ್ಣಗಿದೆ ಅಂತ ಲೋಟ ಹಿಂದಕ್ಕೆ ತಳ್ಳಿದರು. ಅಮ್ಮ ಅದನ್ನು ಬಿಸಿ ಮಾಡಲು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನಾಲ್ಕನೇ ವಾರ ನಿದ್ದೆ ಸರಿಯಾಗಿ ಬರುತ್ತಿಲ್ಲ ಅಂದರು. ಅವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, ಇನ್ನೊಂದು ವಾರ ನೋಡೋಣ ಅಂದರು.

ಆ ವಾರದಲ್ಲೇ ದೊಡ್ಡ ಪ್ರಶಸ್ತಿಗಳು ಬಂದವು. ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ನಾನು ಪೇಪರು ಬಿಡಿಸಿ ಓದಿದೆ, ಹಿಂದೆಲ್ಲ ಓದುತ್ತಿದ್ದಂತೆ. ಯುದ್ಧದ ಸಿನಿಮಾಕ್ಕೆ ಏಳು. ದಪ್ಪಗಾದವನಿಗೆ ಒಂದು. ಕುದುರೆಗೆ ಎರಡು. ಲಿಫ್ಟಿನವನ ಹೆಸರು ಎಲ್ಲೂ ಇರಲಿಲ್ಲ.

"ಒಂದೂ ಇಲ್ವಾ?" ಅಂದರು ಅಪ್ಪ.

"ಇಲ್ಲ."

"ಆ ಏಳನೇ ಮಹಡಿದು... ಬಾಗಿಲು ತೆಗೆದು ನಿಂತ್ಕೋತಾನಲ್ಲ. ಅದಕ್ಕೂ ಇಲ್ವಾ?"

"ಇಲ್ಲ ಅಪ್ಪಾ."

ಅಪ್ಪನ ಕೈಯಲ್ಲಿದ್ದ ಬ್ರೆಡ್ಡಿನ ತುಂಡು ತಟ್ಟೆಗೆ ಬಿತ್ತು. ಆಮೇಲೆ ಅವರು ಅಳತೊಡಗಿದರು, ಹೆಗಲು ಕುಲುಕುವ ಹಾಗೆ, ಮೂಗು ಸೋರಿಸಿಕೊಂಡು, ಮುಖ ಮುಚ್ಚಿಕೊಳ್ಳದೆ. ಅಜ್ಜಿ "ಮಗಾ" ಅಂತ ಅರ್ಧ ಎದ್ದವಳು ಹಾಗೇ ನಿಂತಳು. ಖುಷಿಪಡಬೇಕೋ ಡಾಕ್ಟರಿಗೆ ಫೋನ್ ಮಾಡಬೇಕೋ ನನಗೆ ತಿಳಿಯಲಿಲ್ಲ. ಗೋಡೆಗೆ ಮುಖ ಮಾಡಿ ಮಲಗುವುದಕ್ಕೆ ಮುಂಚೆಯೂ ಅಪ್ಪ ಒಂದು ವಾರ ಹೀಗೇ ಅತ್ತಿದ್ದರು.

ಅಮ್ಮ ಒಲೆ ಆರಿಸಿ ಬಂದು ಅವರ ಮುಂದೆ ನಿಂತಳು.

"ನಿಜ ಹೇಳಿ. ಇದು ಸಿನಿಮಾಗಾ, ಇಲ್ಲಾ ಹಳೇದಾ?"

ಅಪ್ಪ ತೋಳಿನಲ್ಲಿ ಕಣ್ಣು ಒರೆಸಿಕೊಂಡರು.

"ಗೊತ್ತಾಗ್ತಿಲ್ಲ ಕಣೇ," ಅಂದರು. "ಮೊದ್ಲೂ ಗೊತ್ತಾಗ್ತಿರ್ಲಿಲ್ಲ."

ಅಮ್ಮ ಕುರ್ಚಿ ಎಳೆದುಕೊಂಡು ಅವರ ಎದುರು ಕೂತಳು. ಹಬೆಯಾಡುತ್ತಿದ್ದ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಸರಿ, ಹೇಳಿ," ಅಂದಳು. "ಆ ಏಳನೇ ಮಹಡೀಲಿ ಏನಾಗತ್ತೆ?"